ರಕ್ತ ಹರಿಯುವ ದಾರಿ



ಹಿಂದಿನ ಪಾಠಗಳಲ್ಲಿ ನಾವು ಅಂಕಿಗಳನ್ನು ಕಲಿತೆವು. ನೂರರ ಮೇಲಿನ ಅಂಕಿಗಳನ್ನೂ ಓದಿದೆವು. 120 ಓದಿದೆವು. 140 ಓದಿದೆವು. ಈ ಪಾಠದಲ್ಲಿ ಆ ಅಂಕಿಗಳಿಗೆ ದೊಡ್ಡ ಕೆಲಸವಿದೆ. ಒಂದು ಚೀಟಿಯ ಮೇಲೆ ಬರೆದ ಅಂಕಿ ಓದಲು ಬಂದರೆ ಒಂದು ಜೀವ ಉಳಿಯಬಹುದು. ಅದು ನಿಮ್ಮದೇ ಜೀವ ಆಗಿರಬಹುದು.

ನಾವು ಶಾಲೆಯಲ್ಲಿ ಪಾಠ ಹೇಳುವವರು. ವೈದ್ಯರಲ್ಲ. ವೈದ್ಯರು ತಿಳಿದು ಹೇಳಿದ ಮಾತನ್ನೇ ಇಲ್ಲಿ ಸುಲಭ ಮಾಡಿ ಬರೆದಿದ್ದೇವೆ. ನಿಧಾನವಾಗಿ ಓದಿ. ಒಂದೇ ದಿನ ಮುಗಿಸಬೇಕು ಅಂತೇನಿಲ್ಲ.

ಮೈಯಲ್ಲಿರುವ ಕಾಲುವೆಗಳು

ನಮ್ಮ ಹೃದಯ ಎಷ್ಟು ದೊಡ್ಡದು? ನಿಮ್ಮ ಕೈ ಮುಷ್ಟಿ ಹಿಡಿಯಿರಿ. ಹೆಚ್ಚುಕಡಿಮೆ ಅಷ್ಟೇ. ಅದು ಎದೆಯ ನಡುವೆ, ಸ್ವಲ್ಪ ಎಡಕ್ಕೆ ಇದೆ. ಒಂದು ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತದೆ. ಒಂದು ದಿನಕ್ಕೆ ಸುಮಾರು ಒಂದು ಲಕ್ಷ ಸಲ. ನಾವು ಮಲಗಿದರೂ ಅದಕ್ಕೆ ರಜೆ ಇಲ್ಲ.

ದೊಡ್ಡ ಹೆಂಗಸಿನ ಮೈಯಲ್ಲಿ 4ರಿಂದ 5 ಲೀಟರ್ ರಕ್ತ ಇರುತ್ತದೆ. ಈ ರಕ್ತವನ್ನು ಹೃದಯ ತಳ್ಳುತ್ತದೆ. ರಕ್ತ ಹರಿಯುವ ಕೊಳವೆಗೆ ರಕ್ತನಾಳ ಎನ್ನುತ್ತೇವೆ.

ಅಣೆಕಟ್ಟಿನಿಂದ ದೊಡ್ಡ ಕಾಲುವೆ ಹೊರಡುತ್ತದೆ. ಅದರಿಂದ ಸಣ್ಣ ಕಾಲುವೆ. ಅದರಿಂದ ಹೊಲದ ಬದುವಿಗೆ ಸಣ್ಣ ತೋಡು. ಮೈಯಲ್ಲೂ ಹಾಗೆಯೇ. ಹೃದಯದಿಂದ ಹೆಬ್ಬೆರಳಿನಷ್ಟು ದಪ್ಪದ ನಾಳ ಹೊರಡುತ್ತದೆ. ಅದು ಕವಲೊಡೆಯುತ್ತಾ, ಕವಲೊಡೆಯುತ್ತಾ ಕೂದಲಿಗಿಂತ ಸಣ್ಣದಾಗುತ್ತದೆ. ತಲೆಯಿಂದ ಕಾಲ್ಬೆರಳ ತುದಿವರೆಗೆ ಮುಟ್ಟುತ್ತದೆ.

ರಕ್ತನಾಳಗಳಲ್ಲಿ ಮುಖ್ಯವಾಗಿ ಎರಡು ಬಗೆ.

ಹೃದಯದಿಂದ ರಕ್ತ ಒಯ್ಯುವ ನಾಳ ಒಂದು. ಪುಸ್ತಕದಲ್ಲಿ ಇದಕ್ಕೆ ಅಪಧಮನಿ ಎಂದು ಹೆಸರು. ನಾವು ಇಲ್ಲಿ ‘ಹೋಗುವ ನಾಳ’ ಎನ್ನೋಣ.

ಹೃದಯಕ್ಕೆ ರಕ್ತ ಮರಳಿ ತರುವ ನಾಳ ಇನ್ನೊಂದು. ಇದಕ್ಕೆ ಅಭಿಧಮನಿ ಎಂದು ಹೆಸರು. ‘ಬರುವ ನಾಳ’ ಎನ್ನೋಣ.

ರಕ್ತ ಹೀಗೆ ಸುತ್ತುತ್ತದೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪುಸ್ತಕ ಬರೆದು ತೋರಿಸಿದರು. ಅಲ್ಲಿಯವರೆಗೆ ದೊಡ್ಡ ದೊಡ್ಡ ವೈದ್ಯರೂ ಇದನ್ನು ಸರಿಯಾಗಿ ಅರಿತಿರಲಿಲ್ಲ. ಹಾಗಾಗಿ ನಮಗೆ ಇಷ್ಟು ದಿನ ಗೊತ್ತಿರಲಿಲ್ಲ ಅಂತ ನಾಚಿಕೆ ಬೇಡ.

ನರ ಬೇರೆ, ರಕ್ತನಾಳ ಬೇರೆ

ಕೈಮೇಲೆ ಹಸಿರಾಗಿ ಕಾಣುವುದನ್ನು ನಾವು ‘ನರ’ ಅಂತೀವಿ. ಅದು ನರ ಅಲ್ಲ. ಅದು ಬರುವ ನಾಳ. ಅದರಲ್ಲಿ ರಕ್ತ ಇದೆ. ನರ ಅಂದರೆ ತಂತಿ ಇದ್ದ ಹಾಗೆ. ಮುಳ್ಳು ಚುಚ್ಚಿದ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದು ನರ. ನರದಲ್ಲಿ ರಕ್ತ ಹರಿಯುವುದಿಲ್ಲ.

ಆಸ್ಪತ್ರೆಯಲ್ಲಿ ‘ನರ ಸೆಳೆತ’ ಎಂದರೆ ವೈದ್ಯರಿಗೆ ಯಾವುದು ಎಂದು ತಿಳಿಯುವುದಿಲ್ಲ. ಎಲ್ಲಿ ನೋವು, ಯಾವಾಗ ನೋವು, ನಡೆದಾಗಲೋ ನಿಂತಾಗಲೋ, ಅದನ್ನು ಹೇಳಿ.

ಬಿ.ಪಿ. ಅಂದರೆ ಏನು?

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಕೇಳಿದರು: ‘‘ಟೀಚರ್, ಬಿ.ಪಿ. ಇದ್ದರೆ ತಲೆ ತಿರುಗಬೇಕಲ್ವಾ? ನನಗೇನೂ ಆಗಲ್ಲ. ನಾನ್ಯಾಕೆ ತೋರಿಸಬೇಕು?’’

ಒಳ್ಳೆಯ ಪ್ರಶ್ನೆ. ಉತ್ತರ ಇದು: ಬಹಳ ಜನಕ್ಕೆ ಬಿ.ಪಿ. ಏರಿದ್ದು ಗೊತ್ತೇ ಆಗುವುದಿಲ್ಲ. ತಲೆ ತಿರುಗುವುದಿಲ್ಲ. ನೋವೂ ಇಲ್ಲ. ಒಳಗೊಳಗೇ ನಾಳ ಕೆಡುತ್ತಿರುತ್ತದೆ. ಅಳತೆ ಮಾಡಿದರೆ ಮಾತ್ರ ತಿಳಿಯುತ್ತದೆ.

ರಕ್ತ ಹರಿಯುವಾಗ ನಾಳದ ಗೋಡೆಯನ್ನು ಒತ್ತುತ್ತದೆ. ಆ ಒತ್ತಡಕ್ಕೆ ರಕ್ತದೊತ್ತಡ ಎನ್ನುತ್ತೇವೆ. ಬಿ.ಪಿ. ಎಂದರೆ ಇದೇ.

ಚೀಟಿಯಲ್ಲಿ ಹೀಗೆ ಬರೆಯುತ್ತಾರೆ: 120/80.

ಮೇಲಿನ ಅಂಕಿ 120. ಹೃದಯ ಹಿಂಡಿದಾಗಿನ ಒತ್ತಡ ಅದು. ಕೆಳಗಿನ ಅಂಕಿ 80. ಹೃದಯ ಸಡಿಲ ಬಿಟ್ಟಾಗಿನ ಒತ್ತಡ ಅದು.

120/80ರ ಆಸುಪಾಸು ಇದ್ದರೆ ಸರಿ. ಮೇಲಿನದು 140 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನದು 90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಬಿ.ಪಿ. ಜಾಸ್ತಿ ಎಂದು ಅರ್ಥ. ಒಂದೇ ಸಲ ನೋಡಿ ತೀರ್ಮಾನ ಮಾಡುವುದಿಲ್ಲ. ಬೇರೆ ದಿನ ಮತ್ತೆ ನೋಡುತ್ತಾರೆ. ಬಿಸಿಲಲ್ಲಿ ನಡೆದು ಬಂದ ಕೂಡಲೇ ನೋಡಿಸಬೇಡಿ. ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಕೈ ಕೊಡಿ.

ಬಿ.ಪಿ. ಏಕೆ ಏರುತ್ತದೆ? ವಯಸ್ಸು ಒಂದು ಕಾರಣ. ತಂದೆತಾಯಿಗೆ ಇದ್ದರೆ ಮಕ್ಕಳಿಗೂ ಬರಬಹುದು. ಮೈ ಬೊಜ್ಜು, ಸಾರಾಯಿ, ನಿದ್ದೆಗೆಡುವುದು, ಮೂತ್ರಪಿಂಡದ ಕಾಯಿಲೆ ಕೂಡ ಕಾರಣ. ಇನ್ನೊಂದು ನಮ್ಮ ಅಡುಗೆಮನೆಯಲ್ಲೇ ಇದೆ. ಅದು ಉಪ್ಪು. ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ. ನಾಳದಲ್ಲಿ ಒತ್ತಡ ಏರುತ್ತದೆ.

ಒತ್ತಡ ವರ್ಷಗಟ್ಟಲೆ ಹೆಚ್ಚಿದ್ದರೆ ಏನಾಗುತ್ತದೆ? ನಾಳದ ಗೋಡೆ ದಪ್ಪ ಆಗುತ್ತದೆ. ಗಟ್ಟಿ ಆಗುತ್ತದೆ. ರಬ್ಬರಿನ ಹಾಗಿದ್ದದ್ದು ಹಳೇ ಪೈಪಿನ ಹಾಗೆ ಆಗುತ್ತದೆ. ಕಣ್ಣು, ಮೂತ್ರಪಿಂಡ, ಮೆದುಳಿನ ಸಣ್ಣ ನಾಳಗಳಿಗೆ ಪೆಟ್ಟು ಜಾಸ್ತಿ. ಕೆಲವು ಕಡೆ ನಾಳ ಒಡೆದೂ ಹೋಗಬಹುದು.

ಗೋಡೆಯ ಒಳಗೆ ಕೊಬ್ಬು

ಕಾಲುವೆಯಲ್ಲಿ ಹೂಳು ತಳದಲ್ಲಿ ಕೂರುತ್ತದೆ. ರಕ್ತನಾಳದಲ್ಲಿ ಹಾಗಲ್ಲ. ಅಲ್ಲಿ ಕೊಬ್ಬು ಗೋಡೆಯ ಒಳಗೇ ಸೇರುತ್ತದೆ.

ಮಳೆಗಾಲದಲ್ಲಿ ಮನೆಯ ಗೋಡೆ ನೋಡಿದ್ದೀರಿ. ಎಲ್ಲೋ ಒಂದು ಸಣ್ಣ ಬಿರುಕು. ಅದರಲ್ಲಿ ನೀರು ಇಳಿಯುತ್ತದೆ. ಗಾರೆ ಉಬ್ಬುತ್ತದೆ. ಒಂದು ದಿನ ದೊಪ್ಪೆಂದು ಉದುರುತ್ತದೆ. ನಾಳದಲ್ಲೂ ಹೀಗೆಯೇ ನಡೆಯುತ್ತದೆ.

ಮೊದಲು, ನಾಳದ ಒಳಮೈ ನುಣುಪಾಗಿ ಇರುತ್ತದೆ. ಬೀಡಿ ಹೊಗೆ, ಹೆಚ್ಚಿನ ಬಿ.ಪಿ., ರಕ್ತದಲ್ಲಿ ಹೆಚ್ಚಿದ ಸಕ್ಕರೆ, ಇವು ಆ ನುಣುಪನ್ನು ಕೆಡಿಸುತ್ತವೆ.

ಎರಡನೆಯದು, ಕೆಟ್ಟ ಜಾಗದಲ್ಲಿ ರಕ್ತದ ಕೊಬ್ಬು ಗೋಡೆಯ ಒಳಕ್ಕೆ ನುಸುಳುತ್ತದೆ. ಈ ಕೊಬ್ಬಿಗೆ ಕೊಲೆಸ್ಟ್ರಾಲ್ ಎಂದು ಹೆಸರು.

ಮೂರನೆಯದು, ರಕ್ತದ ಬಿಳಿ ಕಣಗಳು ಅದನ್ನು ತಿಂದು ಹಾಕಲು ಬರುತ್ತವೆ. ತಿಂದು ತಿಂದು ಅಲ್ಲಿಯೇ ಸಾಯುತ್ತವೆ. ಗೋಡೆ ಉಬ್ಬುತ್ತದೆ. ದಾರಿ ಕಿರಿದಾಗುತ್ತದೆ.

ನಾಲ್ಕನೆಯದು, ಒಂದು ದಿನ ಉಬ್ಬು ಒಡೆಯುತ್ತದೆ. ಗಾಯ ಆಯಿತೆಂದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ದಾರಿ ಪೂರ್ತಿ ಮುಚ್ಚುತ್ತದೆ.

ಇದು ಒಂದು ದಿನದ ಕೆಲಸ ಅಲ್ಲ. ಹತ್ತು, ಇಪ್ಪತ್ತು ವರ್ಷ ಒಳಗೊಳಗೇ ನಡೆಯುತ್ತದೆ. ಮುಚ್ಚುವುದು ಮಾತ್ರ ಕೆಲವು ನಿಮಿಷದಲ್ಲಿ. ಅದಕ್ಕೇ ಜನ ‘ನಿನ್ನೆವರೆಗೆ ಚೆನ್ನಾಗಿದ್ದರು’ ಎನ್ನುತ್ತಾರೆ.

ದಾರಿ ಎಲ್ಲಿ ಮುಚ್ಚಿತು ಎಂಬುದರ ಮೇಲೆ ಕಾಯಿಲೆಯ ಹೆಸರು ಬದಲಾಗುತ್ತದೆ. ಹೃದಯದಲ್ಲಿ ಮುಚ್ಚಿದರೆ ಹೃದಯಾಘಾತ. ಮೆದುಳಿನಲ್ಲಿ ಮುಚ್ಚಿದರೆ ಲಕ್ವ. ಕಾಲಿನಲ್ಲಿ ಮುಚ್ಚಿದರೆ ಕಾಲು ಕಪ್ಪಾಗಿ ಕೊಳೆಯುತ್ತದೆ.

‘ಗ್ಯಾಸ್’ ಎಂದು ಸುಮ್ಮನಿರಬೇಡಿ

ಹೃದಯವೂ ಒಂದು ಮಾಂಸದ ಗಂಟು. ಅದಕ್ಕೂ ರಕ್ತ ಬೇಕು. ಅದಕ್ಕೆ ರಕ್ತ ಕೊಡುವ ನಾಳ ಮುಚ್ಚಿದರೆ ಆ ಭಾಗದ ಮಾಂಸ ಸಾಯುತ್ತದೆ.

ಎದೆ ನಡುವೆ ಕಲ್ಲು ಇಟ್ಟ ಹಾಗೆ ಭಾರ. ನೋವು ಎಡಗೈಗೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ ಹರಡಬಹುದು. ಬೆವರು ಸುರಿಯುತ್ತದೆ. ಹೆಂಗಸರಲ್ಲಿ ಕೆಲವೊಮ್ಮೆ ಎದೆನೋವು ಅಷ್ಟಾಗಿ ಇರುವುದಿಲ್ಲ. ಏದುಸಿರು, ಬಹಳ ಸುಸ್ತು, ವಾಕರಿಕೆ, ಹೊಟ್ಟೆ ಮೇಲ್ಭಾಗದಲ್ಲಿ ಉರಿ, ಇಷ್ಟೇ ಇರಬಹುದು. ಆಗ ನಾವು ‘ಗ್ಯಾಸ್’ ಅಂತೀವಿ. ಜೀರಿಗೆ ಕಷಾಯ ಕುಡಿದು ಮಲಗುತ್ತೀವಿ. ‘ಅನ್ನಕ್ಕೆ ಇಟ್ಟಿದ್ದೀನಿ, ಆಮೇಲೆ ನೋಡೋಣ’ ಅಂತೀವಿ.

ಹೃದಯದ ಕಾಯಿಲೆ ಗಂಡಸರದ್ದು ಎಂಬ ಮಾತು ಸರಿಯಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಅಪಾಯ ಏರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಅದಕ್ಕೂ ಮೊದಲೇ ಏರುತ್ತದೆ.

ಇಂಥ ಲಕ್ಷಣ ಬಂದರೆ ನಡೆಯಬೇಡಿ. ಮೆಟ್ಟಿಲು ಹತ್ತಬೇಡಿ. ಕೂತುಕೊಳ್ಳಿ. 108ಕ್ಕೆ ಫೋನ್ ಮಾಡಿಸಿ. ಈ ಆಂಬುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯದ ತೊಂದರೆಯಿಂದ ಹಠಾತ್ತನೆ ತೀರಿಕೊಂಡರು. ಅವರಿಗೆ 46 ವರ್ಷ. ನಾಡೆಲ್ಲ ಅತ್ತಿತು. ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಕರ್ನಾಟಕ ಸರ್ಕಾರ 2023ರಲ್ಲಿ ಪ್ರಕಟಿಸಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಯುತ್ತಾರೆ. ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನು ಅಲ್ಲಿಂದಲೇ ನೋಡುತ್ತಾರೆ. ಬೇಕಾದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಇದೆಯೇ? ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿಟ್ಟುಕೊಳ್ಳಿ. ಕಷ್ಟ ಬಂದ ದಿನ ಕೇಳುತ್ತಾ ಕೂರಲು ಹೊತ್ತಿರುವುದಿಲ್ಲ.

ಲಕ್ವ ಹೊಡೆದರೆ

ಲಕ್ವ ಗಾಳಿಯಿಂದ ಬರುವುದಿಲ್ಲ. ದೆವ್ವದಿಂದಲೂ ಬರುವುದಿಲ್ಲ. ಮೆದುಳಿನ ರಕ್ತನಾಳ ಮುಚ್ಚುತ್ತದೆ, ಇಲ್ಲವೇ ಒಡೆಯುತ್ತದೆ. ಎರಡರಲ್ಲೂ ಹೆಚ್ಚಿನ ಬಿ.ಪಿ. ದೊಡ್ಡ ಕಾರಣ.

ಮೂರು ಗುರುತು ನೆನಪಿಡಿ.

ಮುಖ: ನಗು ಅಂದರೆ ಬಾಯಿ ಒಂದು ಕಡೆ ಸೊಟ್ಟ ಆಗುತ್ತದೆ.

ಕೈ: ಎರಡೂ ಕೈ ಎತ್ತು ಅಂದರೆ ಒಂದು ಕೈ ಕೆಳಗೆ ಬೀಳುತ್ತದೆ.

ಮಾತು: ಮಾತು ತೊದಲುತ್ತದೆ, ಇಲ್ಲವೇ ಹೊರಡುವುದೇ ಇಲ್ಲ.

ಒಂದು ಗುರುತು ಕಂಡರೂ ಸಾಕು. ಗಡಿಯಾರ ನೋಡಿ. ಯಾವಾಗ ಶುರುವಾಯಿತು ಎಂದು ಬರೆದುಕೊಳ್ಳಿ. ಹೆಪ್ಪು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂದು ಸ್ಕ್ಯಾನಿನಲ್ಲೇ ತಿಳಿಯುವುದು. ಒಡೆದವರಿಗೆ ಆ ಮದ್ದು ಕೊಟ್ಟರೆ ಜೀವಕ್ಕೇ ಅಪಾಯ. ಆದ್ದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು.

ಕೆಲವು ಊರುಗಳಲ್ಲಿ ಲಕ್ವಕ್ಕೆ ಪಾರಿವಾಳದ ರಕ್ತ ಸವರುತ್ತಾರೆ. ಅದರಿಂದ ಮೆದುಳಿನ ನಾಳ ತೆರೆಯುವುದಿಲ್ಲ. ಅಮೂಲ್ಯವಾದ ಹೊತ್ತು ಹೋಗುತ್ತದೆ. ಬಾಯಿಗೆ ನೀರು, ಕಷಾಯ, ಮಾತ್ರೆ ಹಾಕಬೇಡಿ. ನುಂಗಲು ಆಗದೆ ಉಸಿರ ದಾರಿಗೆ ಹೋಗಬಹುದು.

ಐದು ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೂ ಆಸ್ಪತ್ರೆಗೆ ಹೋಗಿ. ದೊಡ್ಡ ಲಕ್ವ ಬರುವ ಮುನ್ನ ಕೊಡುವ ಎಚ್ಚರಿಕೆ ಅದು.

ಬೀಡಿ ಮತ್ತು ಕಾಲ್ಬೆರಳು

ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುವುದು ಕಷ್ಟ. ಮೇಲಿನವರು ತೂಬು ಮುಚ್ಚಿದರೆ ಮೊದಲು ಒಣಗುವುದು ಆ ಹೊಲ. ಮೈಯಲ್ಲಿ ಕೊನೆಯ ಹೊಲ ಅಂದರೆ ಕಾಲ್ಬೆರಳು.

ಬೀಡಿ, ಸಿಗರೇಟು ಸೇದುವ ಪ್ರಾಯದ ಗಂಡಸರಲ್ಲಿ ಒಂದು ಕಾಯಿಲೆ ಇದೆ. ಕೈಕಾಲಿನ ಸಣ್ಣ ನಾಳಗಳು ಉರಿಯೂತವಾಗಿ, ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ. ಅಮೆರಿಕದ ವೈದ್ಯ ಲಿಯೊ ಬರ್ಗರ್ 1908ರಲ್ಲಿ ಇದನ್ನು ವಿವರವಾಗಿ ಬರೆದರು. ಅದಕ್ಕೇ ಬರ್ಗರ್ ಕಾಯಿಲೆ ಎಂದು ಹೆಸರು.

ಮೊದಲು ಪಾದ ತಣ್ಣಗಾಗುತ್ತದೆ. ಸ್ವಲ್ಪ ದೂರ ನಡೆದರೆ ಪಾದ, ಮೀನಖಂಡ ನೋಯುತ್ತದೆ. ನಿಂತರೆ ಕಡಿಮೆ ಆಗುತ್ತದೆ. ಆಮೇಲೆ ರಾತ್ರಿ ಮಲಗಿದಾಗಲೂ ನೋವು. ಬೆರಳ ತುದಿಯಲ್ಲಿ ಗಾಯ. ಗಾಯ ಮಾಯುವುದಿಲ್ಲ. ಬೆರಳು ಕಪ್ಪಾಗುತ್ತದೆ. ಕೊನೆಗೆ ಕತ್ತರಿಸಬೇಕಾಗುತ್ತದೆ. ಮಾಟ ಮಾಡಿಸಿದ್ದಾರೆ ಎಂದು ಯಾರ್‍ಯಾರನ್ನೋ ಬೈಯುವುದು ಬೇಡ. ಕಾರಣ ಜೇಬಿನಲ್ಲಿದೆ.

ಈ ಕಾಯಿಲೆಗೆ ದೊಡ್ಡ ಮದ್ದು ಬೀಡಿ ಬಿಡುವುದು. ಕಡಿಮೆ ಮಾಡಿದರೆ ಸಾಲದು. ದಿನಕ್ಕೆ ಒಂದು ಸೇದಿದರೂ ಕಾಯಿಲೆ ಮುಂದುವರಿಯುತ್ತದೆ. ಪೂರ್ತಿ ಬಿಟ್ಟವರಿಗೆ ಕಾಲು ಉಳಿಯುವ ಸಾಧ್ಯತೆ ಹೆಚ್ಚು.

ನಮ್ಮ ಮಾತೂ ಒಂದಿದೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಕ್ಕಂದಿರು ಇದ್ದಾರೆ. ಕಡ್ಡಿಪುಡಿ ಹಾಕುವವರೂ ಇದ್ದಾರೆ. ಹೊಗೆ ಇಲ್ಲದಿದ್ದರೂ ಅದರಲ್ಲಿ ನಿಕೋಟಿನ್ ಇದೆ. ಅದು ರಕ್ತನಾಳವನ್ನು ಹಿಂಡುತ್ತದೆ. ಬಿ.ಪಿ. ಏರಿಸುತ್ತದೆ. ಹಸಿ ಸೌದೆಯ ಒಲೆಯ ಹೊಗೆಯೂ ನಾಳಕ್ಕೆ ಒಳ್ಳೆಯದಲ್ಲ. ಹೊಗೆ ಹೊರಹೋಗಲು ದಾರಿ ಮಾಡಿ.

ಸಕ್ಕರೆ ಕಾಯಿಲೆ ಇದ್ದವರ ಕಾಲು

ಸಕ್ಕರೆ ಕಾಯಿಲೆ ಎರಡು ಕಡೆಯಿಂದ ಹೊಡೆಯುತ್ತದೆ. ರಕ್ತನಾಳ ಕೆಡಿಸುತ್ತದೆ. ನರವನ್ನೂ ಕೆಡಿಸುತ್ತದೆ. ನರ ಕೆಟ್ಟರೆ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ. ನಾಳ ಕೆಟ್ಟರೆ ಗಾಯ ಮಾಯುವುದಿಲ್ಲ. ಸಣ್ಣ ಗಾಯ ದೊಡ್ಡದಾಗಿ ಕಾಲು ತೆಗೆಯುವ ಹಂತಕ್ಕೆ ಬರುತ್ತದೆ.

ಅವರು ಬರಿಗಾಲಲ್ಲಿ ಓಡಾಡಬಾರದು. ಹೊಲಕ್ಕೂ ಚಪ್ಪಲಿ ಬೇಕು. ಬಿಸಿನೀರಲ್ಲಿ ಕಾಲು ಇಡುವ ಮೊದಲು ಬೇರೆಯವರು ಕೈಹಾಕಿ ನೋಡಬೇಕು. ದಿನಾ ರಾತ್ರಿ ಪಾದದ ಅಡಿ, ಬೆರಳ ಸಂದು ನೋಡಬೇಕು. ಬಗ್ಗಲು ಆಗದಿದ್ದರೆ ಮೊಮ್ಮಗಳಿಗೆ ಹೇಳಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದು.

ಕಾಲಲ್ಲಿ ಉಬ್ಬಿದ ನಾಳ

ಇಲ್ಲಿಯವರೆಗೆ ಹೇಳಿದ್ದು ಬಹುಪಾಲು ಹೋಗುವ ನಾಳದ ಮಾತು. ಈಗ ಬರುವ ನಾಳಕ್ಕೆ ಬರೋಣ.

ಕಾಲಿನ ರಕ್ತ ಮೇಲಕ್ಕೆ ಏರಿ ಹೃದಯಕ್ಕೆ ಬರಬೇಕು. ಕೆಳಕ್ಕೆ ಹರಿಯುವುದು ಸುಲಭ, ಮೇಲೇರುವುದು ಕಷ್ಟ. ಅದಕ್ಕೇ ಬರುವ ನಾಳದಲ್ಲಿ ಅಲ್ಲಲ್ಲಿ ಸಣ್ಣ ಕವಾಟಗಳಿವೆ. ಬಾವಿಯ ಮೋಟಾರಿನ ಪೈಪಿಗೆ ಫುಟ್‌ವಾಲ್ವ್ ಇರುತ್ತದಲ್ಲ, ಹಾಗೆ. ಮೇಲೆ ಹೋದದ್ದು ಕೆಳಗೆ ಇಳಿಯದಂತೆ ತಡೆಯುತ್ತದೆ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ.

ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಮೀನಖಂಡಕ್ಕೆ ಕೆಲಸ ಇಲ್ಲ. ರಕ್ತ ಕೆಳಗೆ ನಿಲ್ಲುತ್ತದೆ. ಬಸುರಿಯಾದಾಗ ಹೊಟ್ಟೆಯ ಭಾರ ನಾಳವನ್ನು ಒತ್ತುತ್ತದೆ. ಆಗ ನಾಳದ ಗೋಡೆಯೂ ಸಡಿಲ ಆಗಿರುತ್ತದೆ. ಕವಾಟ ಕೆಡುತ್ತದೆ. ನಾಳ ಉಬ್ಬಿ, ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ತಾಯಿಗೆ ಇದ್ದರೆ ಮಗಳಿಗೂ ಬರಬಹುದು.

ಸಂಜೆ ಹೊತ್ತಿಗೆ ಕಾಲು ಭಾರ, ಊತ. ಆಮೇಲೆ ಪಾದದ ಗಂಟಿನ ಒಳಬದಿಯಲ್ಲಿ ಚರ್ಮ ಕಪ್ಪಾಗಿ ತುರಿಕೆ. ಕೆರೆದರೆ ಹುಣ್ಣು. ಆ ಹುಣ್ಣು ತಿಂಗಳುಗಟ್ಟಲೆ ಮಾಯುವುದಿಲ್ಲ.

ನಿಂತು ಕೆಲಸ ಮಾಡುವಾಗ ನಡುನಡುವೆ ಹಿಮ್ಮಡಿ ಎತ್ತಿ ಇಳಿಸಿ. ನಾಲ್ಕು ಹೆಜ್ಜೆ ನಡೆಯಿರಿ. ಮಲಗುವಾಗ ಕಾಲ ಕೆಳಗೆ ದಿಂಬು ಇಡಿ. ವೈದ್ಯರು ಹೇಳಿದರೆ ಬಿಗಿ ಕಾಲುಚೀಲ ಹಾಕಿ. ಹೆಚ್ಚಾದವರಿಗೆ ಶಸ್ತ್ರಚಿಕಿತ್ಸೆ ಇದೆ. ಉಬ್ಬಿದ ನಾಳ ಒಡೆದು ರಕ್ತ ಬಂದರೆ ಹೆದರಬೇಡಿ. ಮಲಗಿ, ಕಾಲು ಎತ್ತಿ, ಶುದ್ಧ ಬಟ್ಟೆಯಿಂದ ಅದುಮಿ ಹಿಡಿಯಿರಿ. ಆಮೇಲೆ ಆಸ್ಪತ್ರೆಗೆ ಹೋಗಿ.

ಆನೆಕಾಲು ಬೇರೆ ಕಾಯಿಲೆ. ಅದು ಸೊಳ್ಳೆಯಿಂದ ಬರುತ್ತದೆ. ಅದರ ಔಷಧವೂ ಬೇರೆ.

ಬಸುರಿ, ಬಾಣಂತಿ ಮತ್ತು ರಕ್ತನಾಳ

ಬಸುರಿಗೆ ಐದನೇ ತಿಂಗಳಾದ ಮೇಲೆ ಬಿ.ಪಿ. ಏರಬಹುದು. ಮೊದಲು ಇಲ್ಲದವರಿಗೂ ಏರಬಹುದು. ತಲೆನೋವು, ಕಣ್ಣು ಮಂಜು, ಮುಖ ಕೈ ಊತ, ಎದೆಗುಂಡಿಗೆಯ ಕೆಳಗೆ ನೋವು, ಇವು ಅಪಾಯದ ಗುರುತು. ಬಿಟ್ಟರೆ ಫಿಟ್ಸ್ ಬರುತ್ತದೆ. ತಾಯಿ, ಮಗು ಇಬ್ಬರಿಗೂ ಕಂಟಕ. ತಾಯಿ ಕಾರ್ಡಿನಲ್ಲಿ ಪ್ರತಿ ಸಲ ಬಿ.ಪಿ. ಬರೆಯುತ್ತಾರೆ. ಈಗ ನೀವೇ ಓದಬಲ್ಲಿರಿ. ನಿಮ್ಮ ಮಗಳ, ಸೊಸೆಯ ಕಾರ್ಡನ್ನು ತೆಗೆದು ಓದಿ. 140/90 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಅದೇ ದಿನ ಆಸ್ಪತ್ರೆಗೆ ಹೊರಡಿ.

ಇನ್ನು ಬಾಣಂತಿಯ ವಿಷಯ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗಬಾರದು ಎಂದು ಮೈ ತಾನೇ ಒಂದು ಏರ್ಪಾಡು ಮಾಡುತ್ತದೆ. ರಕ್ತ ಬೇಗ ಹೆಪ್ಪುಗಟ್ಟುವ ಹಾಗೆ ಆಗುತ್ತದೆ. ಹೆರಿಗೆಯಾಗಿ ಸುಮಾರು ಆರು ವಾರ ಇದು ಇರುತ್ತದೆ.

ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರು ಕೊಡುವುದಿಲ್ಲ. ‘ಹೊಟ್ಟೆ ಬರುತ್ತೆ’, ‘ಶೀತ ಆಗುತ್ತೆ’ ಅಂತಾರೆ. ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗಿಸುತ್ತಾರೆ. ನೀರು ಇಲ್ಲದೆ ರಕ್ತ ಗಟ್ಟಿಯಾಗುತ್ತದೆ. ಅಲುಗಾಡದೆ ರಕ್ತ ನಿಧಾನ ಆಗುತ್ತದೆ. ಮೊದಲೇ ಬೇಗ ಹೆಪ್ಪುಗಟ್ಟುವ ರಕ್ತ. ಮೂರೂ ಸೇರಿದರೆ ಬರುವ ನಾಳದಲ್ಲಿ ಹೆಪ್ಪು ನಿಲ್ಲಬಹುದು.

ಕಾಲಿನಲ್ಲಿ ನಿಂತರೆ ಒಂದೇ ಕಾಲು ಊದುತ್ತದೆ. ನೋಯುತ್ತದೆ. ಬಿಸಿ ಇರುತ್ತದೆ. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಉಸಿರು ಕಟ್ಟುತ್ತದೆ. ಅದಕ್ಕೇ ಊದಿದ ಕಾಲನ್ನು ತಿಕ್ಕಬಾರದು.

ಮೆದುಳಿನ ಬರುವ ನಾಳದಲ್ಲಿ ನಿಂತರೆ ವಿಪರೀತ ತಲೆನೋವು, ವಾಂತಿ, ಫಿಟ್ಸ್, ಒಂದು ಕಡೆ ಕೈಕಾಲು ಬೀಳುವುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ವೈದ್ಯರು ಇಂಥ ಬಾಣಂತಿಯರಿಗೆ ಬಹಳ ವರ್ಷಗಳಿಂದ ಚಿಕಿತ್ಸೆ ಕೊಡುತ್ತಾ, ಈ ಕಾಯಿಲೆಯ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ಬೇಗ ಬಂದವರಲ್ಲಿ ಬಹಳ ಜನ ಪೂರ್ತಿ ಗುಣವಾಗುತ್ತಾರೆ. ‘ಬಾಣಂತಿಗೆ ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿ ಕಾದರೆ ಕೈಮೀರುತ್ತದೆ.

ಅಜ್ಜಿಯರು, ಅತ್ತೆಯರು ಕೆಟ್ಟದ್ದಕ್ಕೆ ಹೀಗೆ ಮಾಡಿದವರಲ್ಲ. ಒಳ್ಳೆಯದಾಗಲಿ ಎಂದೇ ಮಾಡಿದರು. ಕೊಳಕು ನೀರಿನಿಂದ ಕಾಯಿಲೆ ಬರುತ್ತಿದ್ದ ಕಾಲದಲ್ಲಿ ನೀರಿಗೆ ಹೆದರಿದ್ದರೆ ಆಶ್ಚರ್ಯವಿಲ್ಲ. ಈಗ ನಾವು ನೀರು ಕಾಯಿಸಿ ಆರಿಸಿ ಕೊಡಬಹುದು. ‘‘ಅತ್ತೆ, ಮೆಣಸಿನ ಸಾರು ನೀವೇ ಮಾಡಿ, ನೀರು ಮಾತ್ರ ಕಾಯಿಸಿ ಕೊಡಿ’’ ಎಂದು ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಬಾಯಾರಿದಾಗೆಲ್ಲ ಕುಡಿಯಲಿ. ಗಂಜಿ, ಹಾಲು, ಸಾರೂ ಇರಲಿ. ವೈದ್ಯರು ಏಳಬಹುದು ಎಂದ ಕೂಡಲೇ ಎದ್ದು ನಾಲ್ಕು ಹೆಜ್ಜೆ ಓಡಾಡಲಿ. ಹಾಲೂ ಚೆನ್ನಾಗಿ ಬರುತ್ತದೆ.

ನಾವು ಏನು ಮಾಡೋಣ?

30 ವರ್ಷ ದಾಟಿದ ಎಲ್ಲರೂ ವರ್ಷಕ್ಕೆ ಒಂದು ಸಲವಾದರೂ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳೋಣ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಮನೆಯ ಎಲ್ಲರನ್ನೂ ಕರೆದುಕೊಂಡು ಹೋಗಿ ತಾನು ಮಾತ್ರ ಹೊರಗೆ ಕಾಯುವ ಅಭ್ಯಾಸ ನಮಗಿದೆ. ಆ ಅಭ್ಯಾಸ ಬಿಡೋಣ.

ಮಾತ್ರೆ ಕೊಟ್ಟರೆ ದಿನಾ ತೆಗೆದುಕೊಳ್ಳೋಣ. ‘ಈಗ ಸರಿ ಇದೆ’ ಎಂದು ನಾವೇ ನಿಲ್ಲಿಸಬಾರದು. ಸರಿ ಇರುವುದು ಮಾತ್ರೆಯಿಂದಲೇ. ಪಕ್ಕದ ಮನೆಯವರ ಮಾತ್ರೆ ನಮಗೆ ಬೇಡ.

ಉಪ್ಪು ಕಡಿಮೆ ಮಾಡೋಣ. ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕು. ಸಣ್ಣ ಚಮಚದಲ್ಲಿ ಮಟ್ಟಸವಾಗಿ ಒಂದು ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನ ಉಪ್ಪೂ ಈ ಲೆಕ್ಕದಲ್ಲೇ ಸೇರಬೇಕು.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಬೇಡ. ವನಸ್ಪತಿ ಕಡಿಮೆ ಇರಲಿ. ಸೊಪ್ಪು, ತರಕಾರಿ, ಕಾಳು ಹೆಚ್ಚಿರಲಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯೋಣ. ಮನೆಗೆಲಸ ಆಯಿತಲ್ಲ ಎಂದು ಬಿಡುವುದು ಬೇಡ. ಒಂದೇ ಕಡೆ ನಿಂತು ಮಾಡುವ ಕೆಲಸ ನಡಿಗೆಗೆ ಸಮ ಅಲ್ಲ.

ನೆನಪಿಡಿ

ಬಿ.ಪಿ. ಸದ್ದಿಲ್ಲದೆ ಬರುತ್ತದೆ. ಅಳೆದರೆ ಮಾತ್ರ ತಿಳಿಯುತ್ತದೆ.

ಮುಖ, ಕೈ, ಮಾತು. ಒಂದು ಕೆಟ್ಟರೂ 108.

ಬಾಣಂತಿಗೆ ನೀರು ಬೇಕು. ನಡಿಗೆ ಬೇಕು.

ಬೀಡಿ ಬಿಟ್ಟರೆ ಬೆರಳು ಉಳಿಯುತ್ತದೆ.

ಹೊಸ ಪದಗಳು

ರಕ್ತನಾಳ, ಅಪಧಮನಿ, ಅಭಿಧಮನಿ, ಕವಾಟ, ಹೆಪ್ಪು, ರಕ್ತದೊತ್ತಡ, ಹೃದಯಾಘಾತ, ಮೀನಖಂಡ

ಬಿಟ್ಟ ಜಾಗ ತುಂಬಿ

1. ಹೃದಯದಿಂದ ರಕ್ತ ಒಯ್ಯುವ ನಾಳದ ಹೆಸರು ............

2. ಬಿ.ಪಿ. ಚೀಟಿಯಲ್ಲಿ ಮೇಲಿನ ಅಂಕಿ ............ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿ.ಪಿ. ಜಾಸ್ತಿ.

3. ಲಕ್ವ ಹೊಡೆದವರ ಬಾಯಿಗೆ ............ ಹಾಕಬಾರದು.

ಲೆಕ್ಕ ಮಾಡಿ

ಮನೆಯಲ್ಲಿ ಐದು ಜನ ದೊಡ್ಡವರಿದ್ದಾರೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು. ದಿನಕ್ಕೆ 5 × 5 = 25 ಗ್ರಾಂ. 30 ದಿನಕ್ಕೆ ಎಷ್ಟು? ನಿಮ್ಮ ಮನೆಗೆ ಒಂದು ತಿಂಗಳಿಗೆ ಎಷ್ಟು ಉಪ್ಪು ಬರುತ್ತಿದೆ? ಎರಡನ್ನೂ ಪಕ್ಕದಲ್ಲಿ ಬರೆದು ನೋಡಿ.

ಮಾಡಿ ನೋಡಿ

ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳು ಇಡಿ. ಟಕ್ ಟಕ್ ಬಡಿಯುವುದು ಹೋಗುವ ನಾಳ. ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಿ. ಸುಮ್ಮನೆ ಕೂತಾಗ 60ರಿಂದ 100ರ ಒಳಗೆ ಇರಬೇಕು. ಅಂಕಿಯನ್ನು ಇಲ್ಲಿ ಬರೆಯಿರಿ: ............

ಮುಂದಿನ ಸಲ ಆರೋಗ್ಯ ಕೇಂದ್ರಕ್ಕೆ ಹೋದಾಗ ನಿಮ್ಮ ಬಿ.ಪಿ. ಕೇಳಿ, ಇಲ್ಲಿ ನೀವೇ ಬರೆದುಕೊಳ್ಳಿ: ......... / .........

ತಾರೀಖು ಹಾಕಿ. ಕೆಳಗೆ ನಿಮ್ಮ ಸಹಿ ಮಾಡಿ.